ಓದುಗರ ಪ್ರಶ್ನೆ, ತಜ್ಞರ ಉತ್ತರ: ಉಬ್ಬಿದ ಡ್ರಮ್ಮು

ಪ್ರಶ್ನೆ: ನಮ್ಮ ಉಗ್ರಾಣದಲ್ಲಿರುವ ನಿರ್ಜಲ (ನೀರಿನಂಶವಿಲ್ಲದ) ಅಲ್ಯೂಮಿನಿಯಂ ಕ್ಲೋರೈಡ್ ಪುಡಿಯ ಡ್ರಮ್ಮುಗಳಲ್ಲಿ ಒಂದೆರಡು ಉಬ್ಬಿವೆ. ಸೀಲು ಒಡೆದಿಲ್ಲ. ಮುಚ್ಚಳ ಸಡಿಲಿಸಿ ಗಾಳಿ ಬಿಡಬಹುದೇ?

ಉತ್ತರ: ಬೇಡ. ಒಳಗೆ ಕಟ್ಟಿಕೊಂಡಿರುವುದು ತೇವ ಸೇರಿದರೆ ಆಮ್ಲವಾಗುವ ಹೈಡ್ರೋಜನ್ ಕ್ಲೋರೈಡ್ ಅನಿಲ. ತುಂಬುವಾಗ ಸೇರಿದ ತೇವವೋ, ಗ್ಯಾಸ್ಕೆಟ್ ಸಂದಿಯಲ್ಲಿ ನುಸುಳಿದ್ದೋ, ಕಾರಣ ನೀರೇ. 1 ಮಿ.ಲೀ. ನೀರು ಈ ಪುಡಿಯೊಡನೆ ವರ್ತಿಸಿದರೆ ಕಡಿಮೆಯೆಂದರೂ 1.3 ಲೀಟರ್ ಅನಿಲ ಹುಟ್ಟುತ್ತದೆ. ಒಂದೆರಡು ಚಮಚ ನೀರು ಸೇರಿದರೆ ಡ್ರಮ್ಮಿನ ಮೇಲ್ಭಾಗದ ಖಾಲಿ ಜಾಗ ಏನೇನೂ ಸಾಲದು. ಕಬ್ಬಿಣದ ಡ್ರಮ್ಮಾದರೆ ತೇವಗೂಡಿದ ಆಮ್ಲ ಲೋಹವನ್ನು ಕೊರೆದು ಹೈಡ್ರೋಜನ್ನನ್ನೂ ಹೊರಬಿಡುತ್ತದೆ. ಹಾಗಾಗಿ ಕಿಡಿ ಹಾರಿಸುವ ಉಪಕರಣ ಹತ್ತಿರ ಸುಳಿಯಬಾರದು. ಅಂಥ ಡ್ರಮ್ಮನ್ನು ಬಡಿಯದೆ, ಉರುಳಿಸದೆ, ಜನರನ್ನು ದೂರ ಕಳಿಸಿ ಸುರಕ್ಷತಾಧಿಕಾರಿಗೂ ಪೂರೈಕೆದಾರರಿಗೂ ತಿಳಿಸಿ. ಬಿಚ್ಚುವುದು ತರಬೇತಾದವರ ಕೆಲಸ.

ಉಬ್ಬದ ಡ್ರಮ್ಮಿಗೂ ಎಚ್ಚರ ಬೇಕು. ಅನಿಲ ಹೀರುವ ನಾಳದಡಿಯಲ್ಲಿಟ್ಟು, ರಾಸಾಯನಿಕ ಕನ್ನಡಕ, ಮುಖಗವಸು, ಆಮ್ಲ ಅನಿಲ ತಡೆಯುವ ಮಾಸ್ಕು, ಒಣ ಕೈಗವಸು ಧರಿಸಿ, ಮುಚ್ಚಳವನ್ನು ನಿಧಾನವಾಗಿ ಸಡಿಲಿಸಬೇಕು. ಬೇಕಾದಷ್ಟನ್ನು ತೆಗೆದು ಕೂಡಲೇ ಬಿಗಿಯಾಗಿ ಮುಚ್ಚಿ. ಅರ್ಧ ಖಾಲಿಯಾದ ಡ್ರಮ್ಮೇ ಹೆಚ್ಚು ಕಾಡುವುದು, ಏಕೆಂದರೆ ಅದರೊಳಗೆ ತೇವದ ಗಾಳಿಗೆ ಜಾಗ ಹೆಚ್ಚು.

ಪ್ರಶ್ನೆ: ಪುಡಿ ನೆಲಕ್ಕೆ ಚೆಲ್ಲಿದರೆ ಪೈಪಿನಿಂದ ನೀರು ಹಾಯಿಸಿ ತೊಳೆದರಾಯಿತಲ್ಲವೇ?

ಉತ್ತರ: ಅದೇ ಅತ್ಯಂತ ಅಪಾಯದ ದಾರಿ. 1 ಕೆ.ಜಿ. ಪುಡಿ ನೀರಿನಲ್ಲಿ ಕರಗುವಾಗ ಸುಮಾರು 2,450 ಕಿಲೋಜೂಲ್ ಶಾಖ ಹೊಮ್ಮುತ್ತದೆ. 25 ಡಿಗ್ರಿಯ ಏಳು ಲೀಟರ್ ನೀರನ್ನು ಕುದಿಸಲು ಅಷ್ಟು ಸಾಕು. ರಾಶಿಯ ಮೇಲೆ ಸ್ವಲ್ಪ ನೀರು ಬಿದ್ದಾಗ ಅದು ಅಲ್ಲೇ ಕುದಿದು ಆಮ್ಲವನ್ನು ಎರಚುತ್ತದೆ, ಬಿಳಿ ಹೊಗೆ ತುಂಬುತ್ತದೆ. ಒಣ ಮರಳು ಮುಚ್ಚಿ, ಪ್ಲಾಸ್ಟಿಕ್ ಸಲಿಕೆಯಿಂದ ಎತ್ತಿ, ಒಣ ಪ್ಲಾಸ್ಟಿಕ್ ಪಾತ್ರೆಗೆ ಹಾಕಿ. ಮುಚ್ಚಳವನ್ನು ಬಿಗಿ ಮಾಡಬೇಡಿ. ನಾಶಪಡಿಸುವಾಗ ಅನಿಲ ಹೀರುವ ವ್ಯವಸ್ಥೆಯಡಿ ಸಾಕಷ್ಟು ತಣ್ಣೀರಿಗೆ ಪುಡಿಯನ್ನು ಚೂರುಚೂರೇ ಹಾಕಬೇಕು, ಪುಡಿಗೆ ನೀರು ಸುರಿಯಬಾರದು.

ಆಮೇಲೆ ತಟಸ್ಥಗೊಳಿಸಲು ಪ್ರತಿ ಕೆ.ಜಿ. ಪುಡಿಗೆ ಸೋಡಾ ಬೂದಿ (ಸೋಡಿಯಂ ಕಾರ್ಬೊನೇಟ್) ಸುಮಾರು 1.2 ಕೆ.ಜಿ. ಅಥವಾ ಅರಳಿದ ಸುಣ್ಣ 830 ಗ್ರಾಂ ಬೇಕು. ಸೋಡಾ ಬೂದಿಯಾದರೆ ನೊರೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಕೊನೆಗೆ ಲೋಳೆಯಂಥ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಉಳಿಯುತ್ತದೆ. ಚರಂಡಿಗೆ ಬಿಟ್ಟರೆ ಪೈಪು ಕಟ್ಟಿಕೊಳ್ಳುವುದು ಖಂಡಿತ, ಸೋಸಿ ತೆಗೆಯಿರಿ.

ಮೈಮೇಲೆ ಬಿದ್ದರೆ ಒಣ ಪುಡಿಯನ್ನು ಮೊದಲು ಬೇಗ ಬ್ರಷ್‌ನಿಂದಲೋ ಒಣ ಬಟ್ಟೆಯಿಂದಲೋ ಒರೆಸಿ, ಬಳಿಕ ಧಾರಾಳ ನೀರಿನಲ್ಲಿ ಕನಿಷ್ಠ 15–20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ಒರೆಸುತ್ತ ನಿಲ್ಲಬೇಡಿ, ಆ ಕ್ಷಣವೇ ನೀರು ಹಾಯಿಸಿ, ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ತೇವ ಹೀರಿ ಗಟ್ಟಿಯಾದ ಪುಡಿಯನ್ನು ಕಾಯಿಸಿ ಒಣಗಿಸಬಹುದೇ? ಬೆವರು ತಡೆಯುವ ದ್ರಾವಣಗಳಲ್ಲೂ ಇದೇ ಹೆಸರು ಕಂಡೆ.

ಉತ್ತರ: ಒಣಗಿಸಲಾಗದು. ಆರು ನೀರಿನ ಅಣುಗಳು ಸೇರಿ ಹೆಕ್ಸಾಹೈಡ್ರೇಟ್ ಆಗಿದ್ದರೆ, ಕಾಯಿಸಿದಾಗ ನೀರಷ್ಟೇ ಹೋಗುವುದಿಲ್ಲ, ಹೈಡ್ರೋಜನ್ ಕ್ಲೋರೈಡೂ ಹಾರಿಹೋಗಿ ಕೊನೆಗೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಉಳಿಯುತ್ತದೆ. ನಿರ್ಜಲ ಪುಡಿಯನ್ನು ವೇಗವರ್ಧಕವಾಗಿ ಬಳಸುವ ಫ್ರೀಡೆಲ್-ಕ್ರಾಫ್ಟ್ಸ್ ಎಂಬ ರಾಸಾಯನಿಕ ಕ್ರಿಯೆಗೆ ಅದು ನಿಷ್ಪ್ರಯೋಜಕ. ಬೆವರು ತಡೆಯುವ ದ್ರಾವಣದಲ್ಲಿರುವುದು ಆಗಲೇ ನೀರು ಕುಡಿದ ರೂಪ. ಚರ್ಮ ಉರಿಯಬಹುದು, ಆದರೆ ನೀರು ತಾಗಿದರೆ ಸಿಡಿಯುವುದಿಲ್ಲ. ಅಂದಹಾಗೆ, ನಿರ್ಜಲ ಪುಡಿ ಹಳದಿಯಾಗಿದ್ದರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡಿನ ಬೆರಕೆ.