ಕೆಲಸ ಇರಲಿ, ಚಿತ್ರ ಇಂದೇ ಶುರುವಾಗಲಿ
ಮೂವತ್ತೆರಡರಲ್ಲಿ ಲೆಕ್ಕಪತ್ರದ ಕೆಲಸ ಬಿಟ್ಟು ಚಿತ್ರಕಥೆಗೆ, ಅಂದರೆ ಕಾಮಿಕ್ಸ್ ಬರೆಯುವುದಕ್ಕೆ, ಇಳಿಯಬಹುದೇ, ದುಬಾರಿ ಐಪ್ಯಾಡ್ ಬೇಕೇ ಎಂದು ಕೇಳಿದ್ದೀರಿ. ಖಂಡಿತ ಇಳಿಯಿರಿ, ಆದರೆ ಸಂಬಳವನ್ನು ಈಗಲೇ ಬಿಡಬೇಡಿ. ಐಪ್ಯಾಡ್ ಬೇಡ. ಹಳೆಯ ಲ್ಯಾಪ್‌ಟಾಪ್‌ಗೆ ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ಜೋಡಿಸಿ, ಉಚಿತವಾಗಿ ಸಿಗುವ ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಹಾಕಿಕೊಳ್ಳಿ. ಕೈ ಟ್ಯಾಬ್ಲೆಟ್ ಮೇಲೆ, ಕಣ್ಣು ಲ್ಯಾಪ್‌ಟಾಪ್ ಪರದೆಯ ಮೇಲೆ ಇರುವುದರಿಂದ ಮೊದಮೊದಲು ಗೆರೆ ಎತ್ತಲೋ ಓಡುತ್ತದೆ, ಆಮೇಲೆ ಕೈ ಪಳಗುತ್ತದೆ.

ಚಿತ್ರಕ್ಕಿಂತ ಕಥೆ ಕಟ್ಟುವುದೇ ಕಷ್ಟ. ನಾನು ಭಾನುವಾರಗಳಂದು ಚಿತ್ರದುರ್ಗದ ಕೋಟೆಯಲ್ಲಿ, ಓಬವ್ವನ ಕಿಂಡಿಯ ಮುಂದೆ ಕುಳಿತು ಪುಟಕ್ಕೆ 6 ಚೌಕಗಳಂತೆ ಬರೆಯುತ್ತಿದ್ದೆ: ದೂರದ ಬಂಡೆ, ಕಿಂಡಿ, ನೀರಿನ ಕೊಡ, ಒನಕೆ ಹಿಡಿದ ಕೈ. ಏನನ್ನು ತೋರಿಸದೆ ಬಿಡಬೇಕು ಎಂಬುದು ನನಗೆ ಅಲ್ಲಿಯೇ ತಿಳಿದದ್ದು. ಮುದ್ರಣಕ್ಕೆ ಹೋಗುವ ಪುಟವನ್ನು ಮೊದಲೇ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆಗಳಂತೆ) ತೆರೆಯಿರಿ.

ನೀವಿರುವ ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯವಿದೆ, ಒಮ್ಮೆ ಹೋಗಿ ವಿಚಾರಿಸಿ. ಮೊದಲ ಕಥೆ ಮುಗಿದಾಗ ದಯವಿಟ್ಟು ನನಗೂ ತೋರಿಸಿ.