ಓದುಗರ ಪ್ರಶ್ನೆ: ನಾಲೆಯ ಏರಿಯ ಮೇಲೆ 42 ಕಿ.ಮೀ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 41. ಮೂರು ವರ್ಷಗಳಿಂದ ಓಡುತ್ತಿದ್ದೇನೆ. ಎರಡು ಬಾರಿ 21 ಕಿ.ಮೀ. ಪೂರೈಸಿದ್ದೇನೆ. ಐದು ತಿಂಗಳ ನಂತರ ಶ್ರೀರಂಗಪಟ್ಟಣದ ಸೀಮೆಯಲ್ಲಿ ಕಾವೇರಿ ನಾಲೆಯ ಏರಿಯ ಮೇಲೆ ಪೂರ್ಣ ಮ್ಯಾರಥಾನ್ ಓಡಬೇಕೆಂದಿದ್ದೇನೆ. ನಮ್ಮೂರಿನ ಕಲ್ಲುಗುಡ್ಡ, ಒಣಗಾಳಿಯ ನಡುವೆ ಅದಕ್ಕೆ ಸಿದ್ಧಳಾಗುವುದು ಹೇಗೆ? ಆ ನೀರು, ಗದ್ದೆ ನೋಡಬೇಕೆಂದೇ ಹೋಗುತ್ತಿರುವುದರಿಂದ, ನಡುವೆ ನಿಂತು ಫೋಟೊ ತೆಗೆದರೆ ಓಟ ಕೆಡುವುದೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಅನುಭವಕ್ಕೆ ಐದು ತಿಂಗಳು ಸಾಕು. ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ತಯಾರಿಯೆಲ್ಲ ಅದಕ್ಕೇ ಹೊಂದಿಕೊಂಡಿದೆ. ನೋಟಕ್ಕಾಗಿ ಬಂದವರು ಬೆಳಗಿನ ತಂಪಿಗೆ ಹುರುಪುಗೊಂಡು ಮೊದಲ 15 ಕಿ.ಮೀ. ಬೇಗ ಓಡಿಬಿಟ್ಟರೆ, ಕೊನೆಯ 12 ಕಿ.ಮೀ.ಗಳಲ್ಲಿ ಅವರ ಕಣ್ಣಿಗೆ ಬೀಳುವುದು ಕಾಲಡಿಯ ಮಣ್ಣಷ್ಟೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಬಹುಮಂದಿಗೆ 30 ಕಿ.ಮೀ. ಆಸುಪಾಸಿನಲ್ಲಿ ತೀರುತ್ತ ಬರುತ್ತದೆ. ವೇಗ ಹೆಚ್ಚಿದಷ್ಟೂ ದೇಹವು ಕೊಬ್ಬಿಗಿಂತ ಈ ದಾಸ್ತಾನಿಗೇ ಹೆಚ್ಚು ಕೈಹಾಕುತ್ತದೆ. ಆದ್ದರಿಂದ ಅರ್ಧ ದಾರಿಯವರೆಗೆ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಬಲ್ಲಷ್ಟು ನಿಧಾನವಾಗಿಯೇ ಓಡಿ. ಫೋಟೊಕ್ಕೆ ನಿಲ್ಲುವುದಿದ್ದರೆ ಅದೂ ಆ ಅರ್ಧದಲ್ಲೇ ಆಗಲಿ. ಒಂದೊಂದು ನಿಮಿಷದಂತೆ ಹತ್ತು ಬಾರಿ ನಿಂತರೂ ಕಳೆಯುವುದು ಹತ್ತು ನಿಮಿಷ. ಸಂತೋಷಕ್ಕಾಗಿ ಓಡುವವರಿಗೆ ಅದು ನಷ್ಟವೇ ಅಲ್ಲ. 30 ಕಿ.ಮೀ. ದಾಟಿದ ಮೇಲೆ ಮಾತ್ರ ಸುಮ್ಮನೆ ನಿಂತರೆ ಕಾಲು ಬಿಗಿದುಕೊಳ್ಳುತ್ತದೆ, ಆಗ ನಡೆಯುತ್ತಲೇ ನೋಡಿ. ಓಡುತ್ತ ಪಕ್ಕಕ್ಕೆ ತಿರುಗಿ ನೋಡುವ ಅಭ್ಯಾಸ ಬೇಡ. ಮಣ್ಣಿನ ಏರಿಯಲ್ಲಿ ಪಾದ ಹೊರಳುವುದು ಅಂಥ ಗಳಿಗೆಯಲ್ಲೇ. ನೋಂದಣಿಗೆ ಮೊದಲು ಓಟ ಮುಗಿಸುವ ಗಡುವನ್ನು ಕೇಳಿ ತಿಳಿದುಕೊಳ್ಳಿ: ಏಳು ಗಂಟೆ ಕೊಟ್ಟಿದ್ದರೆ, ನಿಂತ ಹೊತ್ತನ್ನೂ ಸೇರಿಸಿ ಪ್ರತಿ ಕಿ.ಮೀ.ಗೆ ಹತ್ತು ನಿಮಿಷಕ್ಕಿಂತ ತುಸು ಕಡಿಮೆ ಸಮಯ ಸಿಗುತ್ತದೆ.

ಅಭ್ಯಾಸಕ್ಕೆ ನಿಮ್ಮ ಊರು ಒಳ್ಳೆಯ ಜಾಗವೆಂದೇ ನನ್ನ ಅಭಿಪ್ರಾಯ. ನಾಲೆಯ ಏರಿಗೆ ತೀರ ಹತ್ತಿರದ ನೆಲವೆಂದರೆ ಕೆರೆ ಏರಿ; ವಾರಕ್ಕೊಂದು ಲಾಂಗ್ ರನ್ನನ್ನು ಅಂಥ ಮಣ್ಣುದಾರಿಯಲ್ಲೇ ಇಟ್ಟುಕೊಂಡು, ದೂರವನ್ನು ವಾರಕ್ಕೆ ಎರಡು ಮೂರು ಕಿ.ಮೀ.ಗಿಂತ ಹೆಚ್ಚಿಸದೆ, ಪ್ರತಿ ನಾಲ್ಕನೆಯ ವಾರ ತಗ್ಗಿಸುತ್ತ 30 ಕಿ.ಮೀ.ವರೆಗೆ ತನ್ನಿ, ಕೊನೆಯ ಮೂರು ವಾರ ಇಳಿಸುತ್ತ ಬನ್ನಿ. ತಿಂಗಳಿಗೆ ಎರಡು ಬಾರಿ ಜೋಗಿಮಟ್ಟಿಯ ರಸ್ತೆ ಹತ್ತಿ ಇಳಿಯಿರಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾದ್ದರಿಂದ ಮೊದಲ ಸಲ ಎರಡು ದಿನ ನೋಯುತ್ತದೆ, ಮುಂದಿನ ಸಲ ನೋವು ಕಡಿಮೆಯಾಗುತ್ತದೆ. ಹೀಗೆ ಪಳಗಿದ ತೊಡೆ ಸಮತಟ್ಟಾದ ಏರಿಯ ಕೊನೆಯ ಹತ್ತು ಕಿ.ಮೀ.ಗಳಲ್ಲೂ ನಿಮ್ಮನ್ನು ಕಾಯುತ್ತದೆ. ಜೋಗಿಮಟ್ಟಿ ಕರಡಿ, ಚಿರತೆಗಳಿರುವ ಅರಣ್ಯ. ಅರಣ್ಯ ಇಲಾಖೆಯ ಪ್ರವೇಶದ ಸಮಯ ಕೇಳಿಕೊಂಡು, ಬೆಳಕು ಹರಿದ ಮೇಲೆ, ಜೊತೆಗಾರರೊಂದಿಗೆ ಮಾತ್ರ ಹೋಗಿ.

ಗಾಳಿಯ ವಿಷಯದಲ್ಲಿ ನಿಜಕ್ಕೂ ಎಚ್ಚರ ಬೇಕು. ಗಾಳಿಯಂತ್ರಗಳನ್ನು ತಿರುಗಿಸುವ ಚಿತ್ರದುರ್ಗದ ಗಾಳಿ ಬೆವರನ್ನು ಆಗಲೇ ಆರಿಸಿಬಿಡುವುದರಿಂದ ಎಷ್ಟು ಬೆವರಿದಿರೆಂಬುದು ತಿಳಿಯುವುದಿಲ್ಲ. ನಾಲೆ, ಗದ್ದೆಗಳ ನಡುವಿನ ತೇವದಲ್ಲಿ ಅದೇ ಬೆವರು ಆರದೆ ಉಳಿದು ದೇಹ ಬೇಗ ಕಾಯುತ್ತದೆ. ಓಟಕ್ಕೆ ಮೊದಲೂ ನಂತರವೂ ತೂಕ ನೋಡಿಕೊಳ್ಳಿ: ಒಂದು ಕಿಲೊ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ, ನಡುವೆ ಕುಡಿದದ್ದನ್ನೂ ಅದಕ್ಕೆ ಕೂಡಿಸಿ. ಕಳೆದುಕೊಂಡದ್ದಕ್ಕಿಂತ ಹೆಚ್ಚು ನೀರನ್ನು ಎಂದೂ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಪ್ರಮಾಣ ಇಳಿದು ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೇ ಅಪಾಯವಾದದ್ದೂ ಉಂಟು. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೊಹೈಡ್ರೇಟ್) ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬಾಳೆಹಣ್ಣೋ ಬೆಲ್ಲವೋ, ನಿಮ್ಮ ಹೊಟ್ಟೆಗೆ ಒಗ್ಗುವುದನ್ನು ಲಾಂಗ್ ರನ್‌ಗಳಲ್ಲೇ ಪರೀಕ್ಷಿಸಿ. ಓಡುವಾಗ ಎದೆನೋವು, ತಲೆಸುತ್ತು ಎಂದಾದರೂ ಬಂದಿದ್ದರೆ ಮೊದಲು ವೈದ್ಯರನ್ನು ಕಾಣಿ.

ಪ್ರಶ್ನೆ: ಕುಂದುವಾಡ ಕೆರೆಯ ಸುತ್ತ ಅಭ್ಯಾಸ ಮಾಡಿ ಘಟ್ಟದ ರಸ್ತೆಯಲ್ಲಿ 21 ಕಿ.ಮೀ. ಓಡಿ ಬಂದೆ. ಎರಡೂ ಹೆಬ್ಬೆರಳ ಉಗುರು ಕಪ್ಪಾಗಿವೆ. ಕೆರೆಯ ದಾರಿಯಲ್ಲಿ ಎಂದೂ ಹೀಗಾಗಿರಲಿಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಳಿಜಾರಿನಲ್ಲಿ ಪಾದ ಮುಂದೆ ಜಾರಿ, ಉಗುರು ಶೂವಿನ ತುದಿಗೆ ಸಾವಿರಾರು ಸಲ ಬಡಿದು ಅಡಿಯಲ್ಲಿ ರಕ್ತ ಕಟ್ಟಿದೆ. ನೋವಿಲ್ಲದಿದ್ದರೆ ಮುಟ್ಟದೆ ಬಿಡಿ. ಹೊಸ ಉಗುರು ಬರಲು ತಿಂಗಳುಗಳೇ ಹಿಡಿಯುತ್ತವೆ. ನೋವು ಹೆಚ್ಚಿದ್ದರೆ, ಕೀವಾದರೆ, ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ತೋರಿಸಿ. ಮುಂದಿನ ಶೂವನ್ನು ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ, ಓಟದ ಕಾಲುಚೀಲ ತೊಟ್ಟೇ ಕೊಳ್ಳಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗವಿರಲಿ, ಇಳಿಜಾರಿಗೆ ಮೊದಲು ಕಣಕಾಲಿನ ಬಳಿ ಲೇಸನ್ನು ಬಿಗಿಗೊಳಿಸಿ.