ಗುಡ್ಡಗಾಡಿನ ದೀರ್ಘ ಸೈಕಲ್ ಸ್ಪರ್ಧೆ: ಒಬ್ಬರೇ ಹೊರಡುವುದೋ, ತಂಡ ಕಟ್ಟುವುದೋ?

ದೂರದ ಮೌಂಟನ್ ಬೈಕ್ ಸ್ಪರ್ಧೆಗಳನ್ನು ಕುರಿತು ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕೆಲವು ವರ್ಷಗಳಿಂದ ಕಾಡುದಾರಿಗಳಲ್ಲಿ ಸೈಕಲ್ ಓಡಿಸುತ್ತಿದ್ದೇವೆ. ಮುಂದಿನ ವರ್ಷ 24 ಗಂಟೆಗಳ ಸ್ಪರ್ಧೆಯೊಂದಕ್ಕೆ ಹೆಸರು ಕೊಡಬೇಕೆಂದಿದ್ದೇವೆ. ಮೂವರಿಗೆ ತಂಡವಾಗಿ ಹೋಗುವ ಮನಸ್ಸು. ನನಗೆ ಮಾತ್ರ ಒಬ್ಬನೇ ಓಡಿಸಿ ನೋಡುವ ಆಸೆ. ಮೊದಲ ಸಲವೇ ಸೋಲೋ ವಿಭಾಗಕ್ಕೆ ಇಳಿಯುವುದು ಸರಿಯೇ?

ಉತ್ತರ: ಮೊದಲ ಸಲ ತಂಡದಲ್ಲಿಯೇ ಹೋಗಿ ಎಂಬುದು ನನ್ನ ಸ್ಪಷ್ಟ ಸಲಹೆ. 24 ಗಂಟೆಗಳಲ್ಲಿ ಒಂದೇ ದಾರಿಯನ್ನು ಎಷ್ಟು ಸುತ್ತು ಹಾಕಬಹುದೆಂದು ನೋಡುವ ಈ ಬಗೆಯ ಸ್ಪರ್ಧೆ ರೂಪುಗೊಂಡದ್ದೇ ತಂಡಗಳಿಗಾಗಿ. 1992ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಲೇರ್ಡ್ ನೈಟ್ ಅವರು ಆರಂಭಿಸಿದ ಕೆನಾನ್ ಸ್ಪರ್ಧೆಯಲ್ಲಿ ತಂಡದ ಸವಾರರು ಒಬ್ಬರಾದ ಮೇಲೊಬ್ಬರು ಸುತ್ತು ಹಾಕುವ ರಿಲೇ ಕ್ರಮವಿತ್ತು. 1996ರಲ್ಲಿ ಜಾನ್ ಸ್ಟಾಮ್‌ಸ್ಟಾಡ್ ತಮ್ಮ ಹೆಸರನ್ನೇ ನಾಲ್ಕು ಬಗೆಯಲ್ಲಿ ಬರೆದು ನಾಲ್ವರ ತಂಡವೆಂದು ನೋಂದಾಯಿಸಿ, ಅಷ್ಟೂ ಸುತ್ತುಗಳನ್ನು ಒಬ್ಬರೇ ಓಡಿಸಿದರು. ಆಮೇಲೆ ಸೋಲೋ ಒಂದು ವಿಭಾಗವಾಗಿಯೇ ಬೆಳೆದು, ಇಂದು ಅದಕ್ಕೆ ಪ್ರತ್ಯೇಕ ವಿಶ್ವ ಚಾಂಪಿಯನ್‌ಶಿಪ್ ಕೂಡ ನಡೆಯುತ್ತಿದೆ. ಆದರೆ ಸ್ಟಾಮ್‌ಸ್ಟಾಡ್ ಆ ಹೊತ್ತಿಗಾಗಲೇ ದೂರದ ಸ್ಪರ್ಧೆಗಳಲ್ಲಿ ಪಳಗಿದ್ದ ಸವಾರರಾಗಿದ್ದರೆಂಬುದನ್ನು ಮರೆಯಬಾರದು.

ತಂಡದಲ್ಲಿ ಹೋದರೆ ಸುಲಭವೆಂದು ಭಾವಿಸಬೇಡಿ. ಒಂದು ಸುತ್ತಿಗೆ ಒಂದು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಂಡರೆ ನಿಮ್ಮ ಪಾಲಿಗೆ ಆರು ಸುತ್ತುಗಳು ಬರುತ್ತವೆ, ಎರಡು ಸುತ್ತುಗಳ ನಡುವೆ ಮೂರು ಗಂಟೆ ಬಿಡುವು ಸಿಗುತ್ತದೆ. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಸುತ್ತು ಮುಗಿಸಿ ಬಂದವರು ಬೆವರಿನ ಬಟ್ಟೆ ಬದಲಿಸಿ, ಸೈಕಲ್ಲಿನ ಕೆಸರು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಊಟ ಮಾಡಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಮುಂದಿನ ಸುತ್ತಿಗೆ ಅರ್ಧ ಗಂಟೆ ಮೊದಲೇ ಎದ್ದು ಸಿದ್ಧವಾಗಬೇಕು. ಉಳಿಯುವುದು ಒಂದು ಗಂಟೆ ಮಾತ್ರ. ಅಷ್ಟರಲ್ಲಿ ಕಾಲುಗಳು ಬಿಗಿದುಕೊಂಡಿರುತ್ತವೆ, ನಿದ್ದೆಯಂತೂ ಹತ್ತುವುದಿಲ್ಲ. ಆದ್ದರಿಂದ ರಾತ್ರಿಯ ಹೊತ್ತು ಪ್ರತಿಯೊಬ್ಬರೂ ಬೆನ್ನುಬೆನ್ನಿಗೆ ಎರಡು ಸುತ್ತುಗಳನ್ನು ಓಡಿಸುವ ಒಪ್ಪಂದ ಮಾಡಿಕೊಳ್ಳಿ. ಆಗ ಉಳಿದವರಿಗೆ ಸರದಿಯ ಮೇಲೆ ಆರು ಗಂಟೆಗಳ ಬಿಡುವು ಸಿಕ್ಕಿ, ಮೂರು ಗಂಟೆಯಾದರೂ ನಿದ್ದೆ ಮಾಡಬಹುದು.

ತಂಡದ ಸವಾರರು ಸಾಮಾನ್ಯವಾಗಿ ಎಡವುವುದು ಮೊದಲ ಸುತ್ತಿನಲ್ಲಿ. ನಾನು ಓಡಿಸುವುದು ಒಂದೇ ಗಂಟೆ ತಾನೇ ಎಂಬ ಹುಮ್ಮಸ್ಸಿನಲ್ಲಿ ಉಸಿರುಗಟ್ಟುವಂತೆ ತುಳಿದು ಬರುತ್ತಾರೆ, ಐದನೆಯ ಸುತ್ತಿನ ಹೊತ್ತಿಗೆ ಅದೇ ಏರನ್ನು ಹತ್ತಲಾರದೆ ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ. ಮೊದಲ ಸುತ್ತಿನ ಸಮಯಕ್ಕೂ ಕೊನೆಯ ಸುತ್ತಿನ ಸಮಯಕ್ಕೂ ಅಂತರ ಕಡಿಮೆ ಇದ್ದಷ್ಟೂ ನಿಮ್ಮ ಲೆಕ್ಕಾಚಾರ ಸರಿಯಾಗಿದೆ ಎಂದು ತಿಳಿಯಬಹುದು. ಇದನ್ನು ಒಮ್ಮೆ ಸಾಧಿಸಿದ ಮೇಲೆ 6 ಅಥವಾ 12 ಗಂಟೆಗಳ ಸೋಲೋ ಸ್ಪರ್ಧೆಗೆ ಹೋಗಿ. 24 ಗಂಟೆಯದನ್ನು ಅದರ ನಂತರ ಯೋಚಿಸಿ.

ಪ್ರಶ್ನೆ: ಇಬ್ಬರ ತಂಡವಾಗಿ ಹಲವು ದಿನಗಳ ಸ್ಪರ್ಧೆಗೆ ಹೋಗಲು ಗೆಳತಿಯೊಬ್ಬಳು ಕರೆಯುತ್ತಿದ್ದಾಳೆ. ಆಕೆ ನನಗಿಂತ ಬಹಳ ವೇಗದ ಸವಾರಳು. ನಾನು ಆಕೆಗೆ ಹೊರೆಯಾಗುವೆನೇ?

ಉತ್ತರ: ವೇಗದ ಅಂತರಕ್ಕಿಂತ, ಆ ಅಂತರವನ್ನು ಇಬ್ಬರೂ ಹೇಗೆ ನಿಭಾಯಿಸುತ್ತೀರಿ ಎಂಬುದು ಇಲ್ಲಿ ಮುಖ್ಯ. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಸ್ಪರ್ಧೆ ಎಂಟು ದಿನಗಳದ್ದು. ಅಲ್ಲಿ ಜೊತೆಗಾರರಿಬ್ಬರೂ ಎರಡು ನಿಮಿಷಗಳ ಅಂತರದೊಳಗೆ ಇರಲೇಬೇಕೆಂಬ ನಿಯಮವಿದೆ. ಆಲ್ಪ್ಸ್ ಪರ್ವತಗಳನ್ನು ದಾಟುವ ಟ್ರಾನ್ಸ್‌ಆಲ್ಪ್ ಸ್ಪರ್ಧೆಯೂ 1998ರಲ್ಲಿ ಆರಂಭವಾದದ್ದು ಇಬ್ಬರ ತಂಡಗಳಿಗಾಗಿಯೇ. ದುರ್ಗಮ ಪ್ರದೇಶದಲ್ಲಿ ಒಬ್ಬರಿಗೆ ಅಪಾಯವಾದರೆ ಇನ್ನೊಬ್ಬರು ಹತ್ತಿರದಲ್ಲಿರಬೇಕೆಂಬ ಅರ್ಥಪೂರ್ಣ ಕಾರಣವೂ ಇಂಥ ನಿಯಮದ ಹಿಂದಿದೆ.

ಹೀಗಾಗಿ ತಂಡದ ವೇಗವೆಂದರೆ ನಿಧಾನ ಸವಾರರ ವೇಗವೇ. ಏರಿನಲ್ಲಿ ನೀವು ಮುಂದಿರಿ, ಆಕೆ ಹಿಂದಿರಲಿ. ಬಲಿಷ್ಠರು ಮುಂದೆ ಹೋಗಿ ಪ್ರತಿ ತಿರುವಿನಲ್ಲೂ ಕಾಯುತ್ತ ನಿಂತರೆ, ಹಿಂದಿನವರು ಅವರನ್ನು ಮುಟ್ಟುವ ಆತುರದಲ್ಲಿ ತಮ್ಮ ಮಿತಿ ಮೀರಿ ತುಳಿಯುತ್ತಾರೆ. ಅವರು ತಲುಪಿದೊಡನೆ, ಆಗಲೇ ದಣಿವಾರಿಸಿಕೊಂಡ ಜೊತೆಗಾರರು ಹೊರಟುಬಿಡುತ್ತಾರೆ. ಇದು ನಾಲ್ಕು ದಿನ ನಡೆದರೆ ಎಂಥ ಸ್ನೇಹವೂ ಕೆಡುತ್ತದೆ. ಎದುರುಗಾಳಿಯ ಬಯಲುದಾರಿಯಲ್ಲಿ ಮಾತ್ರ ಆಕೆ ಮುಂದಿದ್ದು ನಿಮಗೆ ಗಾಳಿಯ ಮರೆ ಕೊಡಲಿ. ಪಂಪು, ಹೆಚ್ಚುವರಿ ಟ್ಯೂಬು, ಉಪಕರಣಗಳು, ಸಾಧ್ಯವಾದರೆ ನಿಮ್ಮ ನೀರಿನ ಒಂದು ಭಾಗವೂ ಆಕೆಯ ಚೀಲದಲ್ಲಿರಲಿ. ಇದನ್ನು ಒಪ್ಪಿಕೊಳ್ಳಲು ಸಂಕೋಚ ಬೇಡ, ತಂಡ ಎನ್ನುವುದು ಇದಕ್ಕಾಗಿಯೇ ಇರುವುದು. ಗೆಲ್ಲಲು ಹೋಗುತ್ತಿದ್ದೀರೋ ಮುಗಿಸಲು ಹೋಗುತ್ತಿದ್ದೀರೋ ಎಂಬುದನ್ನು ಮಾತ್ರ ಹಣ ಕಟ್ಟುವ ಮೊದಲೇ ಬಾಯಿಬಿಟ್ಟು ಮಾತನಾಡಿಕೊಳ್ಳಿ.

ಪ್ರಶ್ನೆ: ಐದಾರು ಗಂಟೆ ಕಳೆದ ಮೇಲೆ ನನಗೆ ಏನನ್ನೂ ತಿನ್ನಲಾಗುವುದಿಲ್ಲ, ಶಕ್ತಿಗಾಗಿ ನುಂಗುವ ಸಿಹಿ ಜೆಲ್ ನೋಡಿದರೆ ವಾಕರಿಕೆ ಬರುತ್ತದೆ. ತಿನ್ನದಿದ್ದರೆ ಶಕ್ತಿ ಉಡುಗುತ್ತದೆ. ಏನು ಮಾಡಲಿ?

ಉತ್ತರ: ದೂರದ ಸ್ಪರ್ಧೆಗಳಿಂದ ಹಿಂದೆ ಸರಿಯುವವರಲ್ಲಿ ಬಹಳ ಮಂದಿಯನ್ನು ಕೈಬಿಡುವುದು ಹೊಟ್ಟೆ, ಕಾಲುಗಳ ಸರದಿ ಆಮೇಲೆ ಬರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಬಿರುಸಾಗಿ ತುಳಿದರೆ ಸುಮಾರು ಎರಡು ಗಂಟೆಗಳಲ್ಲಿ ಬಹುಮಟ್ಟಿಗೆ ಖಾಲಿಯಾಗುತ್ತದೆ. ಅಲ್ಲಿಂದ ಮುಂದೆ ಹೊರಗಿನಿಂದ ಬರುವ ಸಕ್ಕರೆಯೇ ಆಧಾರ. ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂವರೆಗೆ ಹೀರಿಕೊಳ್ಳಬಲ್ಲದು. ಫ್ರಕ್ಟೋಸ್ ಬೇರೆ ದಾರಿಯಿಂದ ಒಳಸೇರುವುದರಿಂದ ಎರಡನ್ನೂ ಬೆರೆಸಿದರೆ 90 ಗ್ರಾಂವರೆಗೆ ಹೋಗಬಹುದು. ಆದರೆ ಅಭ್ಯಾಸವಿಲ್ಲದ ಹೊಟ್ಟೆ ಇದನ್ನು ತಡೆದುಕೊಳ್ಳುವುದಿಲ್ಲ. ಗಂಟೆಗೆ 40 ಗ್ರಾಂನಿಂದ ಆರಂಭಿಸಿ, ವಾರದ ದೀರ್ಘ ಸವಾರಿಗಳಲ್ಲಿ ಕೆಲವು ವಾರಗಳ ಕಾಲ ಸ್ವಲ್ಪಸ್ವಲ್ಪವೇ ಏರಿಸುತ್ತ ಹೊಟ್ಟೆಯನ್ನೂ ಪಳಗಿಸಬೇಕು.

ನಿಮ್ಮ ವಾಕರಿಕೆಗೆ ಕಾರಣ ಬಹುಶಃ ಮೊದಲ ಎರಡು ಗಂಟೆಗಳಲ್ಲಿದೆ. ಮಿತಿ ಮೀರಿ ತುಳಿಯುವಾಗ ರಕ್ತವು ಜೀರ್ಣಾಂಗಗಳಿಂದ ಕಾಲುಗಳ ಕಡೆಗೂ, ಬಿಸಿಲಿದ್ದರೆ ಚರ್ಮದ ಕಡೆಗೂ ಹರಿಯುತ್ತದೆ. ತಿಂದದ್ದು ಹೊಟ್ಟೆಯಲ್ಲಿಯೇ ಉಳಿದು ಹುಳಿಯುತ್ತದೆ. ಅಂಥ ಹೊತ್ತಿನಲ್ಲಿ ಇನ್ನೊಂದು ಜೆಲ್ ನುಂಗಿದರೆ ಸಂಕಟ ಹೆಚ್ಚಾಗುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ವೇಗ ತಗ್ಗಿಸಿ, ಬರೀ ನೀರನ್ನು ಗುಟುಕುಗುಟುಕಾಗಿ ಕುಡಿದು, ಹೊಟ್ಟೆ ಹಗುರಾದ ಮೇಲೆ ಉಪ್ಪು ಬೆರೆಸಿದ ಬೇಯಿಸಿದ ಆಲೂಗಡ್ಡೆಯ ಚೂರಿನಂಥ ಸಿಹಿಯಲ್ಲದ ಪದಾರ್ಥದಿಂದ ಮತ್ತೆ ಆರಂಭಿಸಿ. ತಿನ್ನುವ ಜಾಗವನ್ನೂ ಮೊದಲೇ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು: ಕಲ್ಲಿಲ್ಲದ ಸಣ್ಣ ಏರಿನಲ್ಲಿ ಒಂದು ಕೈ ಬಿಡಬಹುದು, ಇಳಿಜಾರಿನಲ್ಲಿ ಆಗದು. ಪ್ರತಿ ಸುತ್ತಿನಲ್ಲೂ ಅದೇ ಜಾಗ ಬಂದಾಗ ಹಸಿವಿರಲಿ ಬಿಡಲಿ ಕೈ ಜೇಬಿಗೆ ಹೋಗಬೇಕು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕುಡಿದಷ್ಟೂ ಒಳ್ಳೆಯದೆಂಬ ಮಾತು ಅಪಾಯಕಾರಿ. ಬೆವರಿಗಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಮಟ್ಟ ಇಳಿದು ಜೀವಕ್ಕೇ ಕುತ್ತು ಬರಬಹುದು. ಅಭ್ಯಾಸದ ಸವಾರಿಯ ಮೊದಲು ಮತ್ತು ಅನಂತರ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಅಂದಾಜು ಸಿಗುತ್ತದೆ. ಸ್ಪರ್ಧೆಯ ಕೊನೆಗೆ ತೂಕ ಸ್ವಲ್ಪ ಕಡಿಮೆಯಾಗಿರುವುದು ಸಹಜ; ಹೆಚ್ಚಾಗಿದ್ದರೆ ಮಾತ್ರ ಮಿತಿ ಮೀರಿ ಕುಡಿದಿದ್ದೀರಿ ಎಂದರ್ಥ.

ಪ್ರಶ್ನೆ: ರಾತ್ರಿ ಓಡಿಸಲು ಹೆಲ್ಮೆಟ್ಟಿನ ಮೇಲೆ ಒಂದು ಪ್ರಖರವಾದ ದೀಪ ಸಾಲದೇ? ನಡುರಾತ್ರಿ ಕಳೆದ ಮೇಲೆ ನಿದ್ದೆಯನ್ನು ಹೇಗೆ ತಡೆಯುವುದು?

ಉತ್ತರ: ಸಾಲದು. ಹೆಲ್ಮೆಟ್ಟಿನ ದೀಪ ಕಣ್ಣಿಗೆ ತೀರ ಹತ್ತಿರದಲ್ಲಿರುವುದರಿಂದ ಕಲ್ಲು ಕೊರಕಲುಗಳ ನೆರಳು ನಿಮಗೆ ಕಾಣದಂತೆ ಅವುಗಳ ಹಿಂದೆಯೇ ಬೀಳುತ್ತದೆ. ಹೀಗಾಗಿ ಬೆಳಕು ಎಷ್ಟೇ ಪ್ರಖರವಾಗಿದ್ದರೂ ದಾರಿ ಚಪ್ಪಟೆಯಾಗಿ ತೋರುತ್ತದೆ, ಒಂದು ಗೇಣಿನ ಗುಂಡಿಯೂ ಕಣ್ಣಿಗೆ ಬೀಳುವುದಿಲ್ಲ. ಹ್ಯಾಂಡಲ್ಲಿಗೆ ಕಟ್ಟಿದ ದೀಪ ಕಣ್ಣಿಗಿಂತ ಕೆಳಗಿರುವುದರಿಂದ ಪ್ರತಿ ಉಬ್ಬಿನ ಹಿಂದೆಯೂ ನೆರಳು ಚಾಚಿ, ಆಳ ಎತ್ತರಗಳು ಎದ್ದು ಕಾಣುತ್ತವೆ. ಆದರೆ ತಿರುವಿನಲ್ಲಿ ಹ್ಯಾಂಡಲ್ಲಿನ ದೀಪ ನೇರಕ್ಕೆ ನೋಡುತ್ತಿದ್ದರೆ ನಿಮ್ಮ ಕಣ್ಣು ತಿರುವಿನಾಚೆಗೆ ನೋಡಬೇಕಾಗಿರುತ್ತದೆ. ಅಲ್ಲಿ ಹೆಲ್ಮೆಟ್ಟಿನ ದೀಪವೇ ಬೇಕು. ಎರಡನ್ನೂ ಬಳಸಿ, ಏರಿನಲ್ಲಿ ಬೆಳಕು ತಗ್ಗಿಸಿ ಬ್ಯಾಟರಿ ಉಳಿಸಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ನಿದ್ದೆಯ ಸೆಳೆತ ಸಾಮಾನ್ಯವಾಗಿ ಬೆಳಗಿನ ಜಾವ ಮೂರರಿಂದ ಐದು ಗಂಟೆಯವರೆಗೆ ತೀವ್ರವಾಗಿರುತ್ತದೆ. ಕಾಫಿಯನ್ನು ಸಂಜೆಯಿಂದಲೇ ಕುಡಿಯುತ್ತ ಬಂದವರಿಗೆ ಆ ಹೊತ್ತಿಗೆ ಅದರ ಬಲ ಅಷ್ಟಾಗಿ ಸಿಗುವುದಿಲ್ಲ; ಆದ್ದರಿಂದ ಎರಡು ಗಂಟೆಯ ನಂತರಕ್ಕೆ ಕಾದಿರಿಸಿ. ಸೋಲೋ ಸವಾರರು ಮಲಗಲೇಬೇಕಾಗಿ ಬಂದರೆ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಲಿ. ಗಾಢನಿದ್ದೆಗೆ ಜಾರಿದ ಮೇಲೆ ಎಬ್ಬಿಸಿದರೆ ಮಂಪರು ಹರಿಯಲು ಬಹಳ ಹೊತ್ತು ಹಿಡಿಯುತ್ತದೆ. ಓಡಿಸುತ್ತಿರುವಾಗಲೇ ಕ್ಷಣಕಾಲ ಕಣ್ಣು ಮುಚ್ಚಿಹೋದರೆ ಮುಂದಿನ ಇಳಿಜಾರಿಗೆ ಇಳಿಯಲೇಬೇಡಿ.

ಪ್ರಶ್ನೆ: ಕೆಲಸದ ನಡುವೆ ನನಗೆ ವಾರಕ್ಕೆ ಎಂಟು ಗಂಟೆ ಮಾತ್ರ ಅಭ್ಯಾಸಕ್ಕೆ ಸಿಗುತ್ತದೆ. ನೂರು ಮೈಲಿಯ ಸ್ಪರ್ಧೆಯನ್ನು ಮುಗಿಸಬಹುದೇ?

ಉತ್ತರ: ನಿಗದಿತ ಸಮಯದೊಳಗೆ ಮುಗಿಸುವುದಷ್ಟೇ ಗುರಿಯಾದರೆ ಸಾಧ್ಯ. ವಾರದ ದಿನಗಳಲ್ಲಿ ಎರಡು ಚಿಕ್ಕ, ಬಿರುಸಿನ ಸವಾರಿಗಳನ್ನೂ ಬಿಡುವಿನ ದಿನ ಒಂದು ದೀರ್ಘ ಸವಾರಿಯನ್ನೂ ಇಟ್ಟುಕೊಳ್ಳಿ. ಎರಡು ಮೂರು ವಾರಗಳಿಗೊಮ್ಮೆ ಸತತ ಎರಡು ದಿನ ದೂರ ಹೋಗಿ, ಎರಡನೆಯ ದಿನ ದಣಿದ ಕಾಲುಗಳಲ್ಲಿ ತುಳಿಯುವುದನ್ನು ಕಲಿಯಿರಿ. ಕೊನೆಯ ಎರಡು ವಾರ ಅಭ್ಯಾಸದ ಗಂಟೆಗಳನ್ನು ಅರ್ಧಕ್ಕೆ ಇಳಿಸಿ, ಆದರೆ ಬಿರುಸನ್ನು ಪೂರ್ತಿ ಬಿಡಬೇಡಿ.

ಸಮಯ ಉಳಿಯುವುದು ನಿಲುಗಡೆಗಳಲ್ಲಿ ಎಂಬುದನ್ನು ಒಂದು ಉದಾಹರಣೆಯಿಂದ ನೋಡಿ. ಅಮೆರಿಕದ ಕೊಲರಾಡೊದಲ್ಲಿ 1994ರಲ್ಲಿ ಆರಂಭವಾದ ಲೆಡ್‌ವಿಲ್ ಸ್ಪರ್ಧೆಯಲ್ಲಿ, ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿ ಹೊರಟು ಸುಮಾರು 160 ಕಿಲೋಮೀಟರ್ ದೂರವನ್ನು 12 ಗಂಟೆಗಳಲ್ಲಿ ಮುಗಿಸಿದವರಿಗೆ ಮಾತ್ರ ಬಹುಮಾನವಾಗಿ ಬೆಲ್ಟಿನ ಬಕಲ್ ದೊರೆಯುತ್ತದೆ. ಅಂದರೆ ನಿಂತ ಸಮಯವೂ ಸೇರಿ ಗಂಟೆಗೆ 13 ಕಿಲೋಮೀಟರಿಗಿಂತ ತುಸು ಹೆಚ್ಚಿನ ವೇಗ ಸಾಕು. ಆರು ಕಡೆ ಹತ್ತು ಹತ್ತು ನಿಮಿಷ ನಿಂತರೆ ಒಂದು ಗಂಟೆ ಹೋಯಿತು. ಅದನ್ನು ತುಳಿದು ಗಳಿಸಬೇಕಾದರೆ ವೇಗವನ್ನು 14.5 ಕಿಲೋಮೀಟರಿಗೆ ಏರಿಸಬೇಕು. ಎತ್ತರದ ತೆಳುಗಾಳಿಯಲ್ಲಿ ಇದು ಸಣ್ಣ ಮಾತಲ್ಲ. ಎರಡು ನಿಮಿಷದಲ್ಲಿ ಬಾಟಲಿ ಬದಲಿಸಿ ಹೊರಡುವುದನ್ನು ಅಭ್ಯಾಸ ಮಾಡಲು ಹೆಚ್ಚುವರಿ ಗಂಟೆಗಳೂ ಬೇಡ.

ಪ್ರಶ್ನೆ: ಜೊತೆಯಲ್ಲಿ ಒಯ್ಯಲೇಬೇಕಾದ ಬಿಡಿಭಾಗಗಳು ಯಾವುವು?

ಉತ್ತರ: ಟ್ಯೂಬ್‌ಲೆಸ್ ಟಯರಿದ್ದರೂ ಒಂದು ಟ್ಯೂಬು, ರಂಧ್ರ ಮುಚ್ಚುವ ಪ್ಲಗ್, ಪಂಪು, ಚೈನ್ ಕಟರ್ ಇರುವ ಮಲ್ಟಿಟೂಲ್, ತುಂಡಾದ ಚೈನನ್ನು ಜೋಡಿಸಲು ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್ ಕೊಂಡಿ. ಇವುಗಳ ಜೊತೆಗೆ ಬಹಳ ಮಂದಿ ಮರೆಯುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರು ಬದಲಿಸುವ ಡಿರೇಲರನ್ನು ಚೌಕಟ್ಟಿಗೆ ಸೇರಿಸುವ ಚಿಕ್ಕ ತುಂಡು) ಇರಲಿ: ಅದು ಸೈಕಲ್ಲಿನಿಂದ ಸೈಕಲ್ಲಿಗೆ ಬೇರೆಯಾಗುವುದರಿಂದ ಸ್ಪರ್ಧೆಯ ಜಾಗದಲ್ಲಿ ಎರವಲು ಸಿಗುವ ಭರವಸೆಯಿಲ್ಲ. ಟಯರಿನೊಳಗೆ ಸಣ್ಣ ರಂಧ್ರಗಳನ್ನು ಮುಚ್ಚುವ ಸೀಲೆಂಟ್ ದ್ರವ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಹೊರಡುವ ಹಿಂದಿನ ವಾರ ಹೊಸದನ್ನು ತುಂಬಿಸಿ. ಮಳೆಯ ಕೆಸರು ಹೊಸ ಬ್ರೇಕ್ ಪ್ಯಾಡುಗಳನ್ನೂ ಒಂದೇ ದಿನದಲ್ಲಿ ತಿಂದುಹಾಕಬಲ್ಲದು, ಆದ್ದರಿಂದ ಒಂದು ಜೊತೆ ಹೆಚ್ಚಿಗೆ ಇರಲಿ.

ಪ್ರಶ್ನೆ: ನನ್ನ ತಮ್ಮ 24 ಗಂಟೆಗಳ ಸೋಲೋ ಸ್ಪರ್ಧೆಗೆ ಹೋಗುತ್ತಿದ್ದಾನೆ. ಅವನಿಗೆ ನೆರವಾಗಲು ನಾನು ಜೊತೆಗೆ ಹೋಗುತ್ತೇನೆ. ನನಗೆ ಸೈಕಲ್ ವಿಷಯ ಏನೂ ಗೊತ್ತಿಲ್ಲ. ನಾನು ಏನು ಮಾಡಬೇಕು?

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಸೋಲೋ ಎಂದು ಕರೆದರೂ ಇಂಥ ಸ್ಪರ್ಧೆಯನ್ನು ಯಾರೂ ಒಬ್ಬರೇ ಮುಗಿಸುವುದು ಅಪರೂಪ. ಒಂದು ಹಾಳೆಯಲ್ಲಿ ಅವನು ಪ್ರತಿ ಸುತ್ತು ಮುಗಿಸಿದ ಸಮಯ, ತಿಂದದ್ದು, ಕುಡಿದದ್ದು, ಮೂತ್ರಕ್ಕೆ ಹೋದದ್ದು ಇವಿಷ್ಟನ್ನೂ ಬರೆಯುತ್ತ ಹೋಗಿ. ಹದಿನೈದನೆಯ ಗಂಟೆಯಲ್ಲಿ ಅವನಿಗೆ ತಾನು ತಿಂದದ್ದು ನೆನಪಿರುವುದಿಲ್ಲ; ನಿಮ್ಮ ಹಾಳೆಗೆ ನೆನಪಿರುತ್ತದೆ. ಅವನು ಬರುವ ಮೊದಲೇ ತುಂಬಿದ ಬಾಟಲಿ, ಚಾರ್ಜಾದ ಬ್ಯಾಟರಿ, ಒಣ ಕೈಗವಸುಗಳು ಮೇಜಿನ ಮೇಲಿರಲಿ. ಏನು ಬೇಕೆಂದು ಕೇಳಿದರೆ ಏನೂ ಬೇಡವೆನ್ನುತ್ತಾನೆ, ಆದ್ದರಿಂದ ಕೇಳದೆ ಕೈಗೆ ಕೊಡಿ. ಕೂರಲು ಕುರ್ಚಿ ಮಾತ್ರ ಕಣ್ಣಿಗೆ ಕಾಣುವಂತಿರುವುದು ಬೇಡ.

ಯಾವ ಸ್ಥಿತಿಯಲ್ಲಿ ಸ್ಪರ್ಧೆ ನಿಲ್ಲಿಸಬೇಕೆಂಬುದನ್ನು ಹಿಂದಿನ ದಿನವೇ ಇಬ್ಬರೂ ಕೂತು ನಿರ್ಧರಿಸಿ, ಆ ಅಧಿಕಾರವನ್ನು ಅವನಿಂದ ಪಡೆದುಕೊಳ್ಳಿ. ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಎದೆ ನೋವೆಂದರೆ, ಮಾತು ತೊದಲಿದರೆ ಅಥವಾ ಉತ್ತರಗಳು ಅಸಂಬದ್ಧವಾದರೆ, ತಲೆನೋವಿನೊಂದಿಗೆ ವಾಂತಿಯಾಗಿ ಕೈಬೆರಳುಗಳು ಊದಿಕೊಂಡರೆ, ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮೊಣಕಾಲು ನೋವಿಗೆ ಐಬುಪ್ರೊಫೇನ್‌ನಂಥ ಮಾತ್ರೆ ಕೇಳಿದರೆ ಕೊಡಬೇಡಿ; ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಅದು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಇನ್ನೊಂದು ಮಾತು: ಮರಳುವಾಗ ವಾಹನ ಓಡಿಸಲು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಮೂರನೆಯವರೊಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಅವನಂತೆ ನೀವೂ ಇಡೀ ರಾತ್ರಿ ಎದ್ದಿರುತ್ತೀರಿ.